ತುದಿಯ ಹೂವು

ಕಿರಿಯ ವಾರಗಿತ್ತಿ ವತ್ಸಲೆ ದಾರಕ್ಕೆ ಗಂಟು ಹಾಕುತ್ತಾ ಕಟ್ಟಿದ ಮ್ಯಾಕ್ರಮೆ ತೋರಣ ಕಣ್ಣಿಗೆ ಬಿದ್ದಾಗಲೆಲ್ಲ ನಳಿನಾಕ್ಷಿಗೆ ಹೊಟ್ಟೆ ಉರಿಯುತ್ತಿತ್ತು. ಮಹಿಳಾ ಸಮಾಜಕ್ಕೆ ಹೋಗಿ ಮೊದಲು ದಾರ ಹಿಡಿದವಳು ತಾನು. ಈಗ ಮನೆಗೆ ಬಂದವರೆಲ್ಲ ಹೊಗಳುವುದು ಅವಳ ಏಳು ಹೂಗಳನ್ನು.

“ಅಕ್ಕಾ, ನಾಳೆ ಸಮಾಜದ ಸ್ಪರ್ಧೆಗೆ ನಿಮ್ದೂ ತಯಾರಾಯ್ತಾ?” ಎಂದು ಕೇಳಿ ವತ್ಸಲೆ ಸ್ನಾನಕ್ಕೆ ಹೋದಳು.

ಬಚ್ಚಲ ಬಾಗಿಲು ಮುಚ್ಚಿದ್ದೇ ತಡ, ನಳಿನಾಕ್ಷಿ ಅವಳ ತೋರಣದ ತುದಿಯ ಹೂವನ್ನು ಬಿಚ್ಚಿದಳು. ಎಸಳಿನ ಗುಟ್ಟು ತಿಳಿದುಕೊಂಡು ಮತ್ತೆ ಇದ್ದ ಹಾಗೇ ಕಟ್ಟಿಬಿಡುವುದೆಂದಿದ್ದಳು. ಕಟ್ಟಲು ಹೋದರೆ ಗಂಟುಗಳು ಮಾತೇ ಕೇಳಲಿಲ್ಲ. ಸಿಟ್ಟಿನಲ್ಲಿ ಎಳೆದೆಳೆದು ಬಿಗಿದಳು. ಎಸಳುಗಳೆಲ್ಲ ಒಳಕ್ಕೆ ಸುರುಟಿಕೊಂಡವು. ಕೆಟ್ಟುಹೋಯಿತಲ್ಲ ಎಂದು ಒಂದು ಕ್ಷಣ ಬಚ್ಚಲ ಬಾಗಿಲ ಕಡೆ ನೋಡಿದಳು. ಕೆಡಲಿ, ಒಳ್ಳೆಯದೇ ಆಯಿತು ಎಂದುಕೊಂಡಾಗ ಮನಸ್ಸು ಹಗುರಾಯಿತು.

ಮರುದಿನ ತೀರ್ಪುಗಾರ್ತಿ ನಳಿನಾಕ್ಷಿಯ ತೋರಣವನ್ನು ದಾಟಿ ಬಂದು ವತ್ಸಲೆಯದರ ಮುಂದೆ ಬಹಳ ಹೊತ್ತು ನಿಂತರು. ನಳಿನಾಕ್ಷಿ ಸೆರಗಿನ ಮರೆಯಲ್ಲಿ ನಕ್ಕಳು.

“ಈ ಆರು ಹೂವು ಯಾರ್ ಬೇಕಾದ್ರೂ ಕಟ್ತಾರಮ್ಮ. ತುದೀದು ನೋಡಿ, ಇನ್ನೇನು ಅರಳಬೇಕು ಅನ್ನೋ ಮೊಗ್ಗಿನ ಹಾಗಿದೆ! ಇದೊಂದಕ್ಕೇ ಮೊದಲನೇ ಬಹುಮಾನ.”

ಅದು ನನ್ನದು ಎನ್ನಲು ನಳಿನಾಕ್ಷಿ ಬಾಯಿ ತೆರೆದಳು. ಹಾಗೇ ಮುಚ್ಚಿದಳು.

ಬಹುಮಾನದ ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು ಬಂದ ವತ್ಸಲೆ ಅವಳ ಕಿವಿಯ ಹತ್ತಿರ ಬಗ್ಗಿದಳು.

“ಉಳಿದ ಆರನ್ನೂ ಬಿಚ್ಚಿ ಕಟ್ಟಿಬಿಡಬಾರದಿತ್ತಾ ಅಕ್ಕಾ? ಇನ್ನೂ ಸ್ವಲ್ಪ ಹೊತ್ತು ಬಚ್ಚಲಲ್ಲೇ ಇರ್ತಿದ್ದೆ.”