ಎಂ.ಸಿ. ಲಾಳಿ

ಇಪ್ಪತ್ತನಾಲ್ಕು ಮಗ್ಗಗಳೂ ಒಮ್ಮೆಲೇ ನಿಂತುಬಿಟ್ಟವು. ಕರೆಂಟು ಹೋದಾಗ ಬಿಟ್ಟರೆ ಇಚಲಕರಂಜಿಯ ಆ ಶೆಡ್ಡಿನಲ್ಲಿ ಹಾಡುಹಗಲೇ ಇಂಥ ಮೌನ ಬಿದ್ದದ್ದು ಇದೇ ಮೊದಲು. ನಿಲ್ಲಿಸಿದವನು ಮಾಲಕ ತಾತ್ಯಾಸಾಹೇಬರ ಸುಪುತ್ರ ಸೌರಭ. ತಪ್ಪಾಯಿತು, ಈಗ ಹಾಗನ್ನುವಂತಿಲ್ಲ. ನಾಲ್ಕು ದಿನದ ಹಿಂದೆ ಮೊದಲ ರ‍್ಯಾಪ್ ಹಾಡು ಬಿಡುಗಡೆಯಾದ ಮೇಲೆ, ಆ ಹಾಡುಗಾರರ ರೂಢಿಯಂತೆ, ಅವನ ಹೆಸರು ಎಂ.ಸಿ. ಲಾಳಿ.

ಹಾಡಿನ ಹೆಸರೂ ‘ಲಾಳಿ’ಯೇ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಹಾಗೆ ತಾನೂ ಓಡಿ ಓಡಿ ದಣಿದವನು, ತನ್ನ ಬೆವರಿನಲ್ಲೇ ಊರಿಗೆಲ್ಲ ಬಟ್ಟೆ ನೇಯ್ದವನು ಎಂದು ಸೌರಭ ಅದರಲ್ಲಿ ಎದೆ ಬಡಿದುಕೊಂಡಿದ್ದ. ಪ್ರಾಸಕ್ಕಾಗಿ ಪಾಪ, ಬಹಳ ಒದ್ದಾಡಿದ್ದ. ಗಾಳಿ ಬಂತು, ದಾಳಿ ಬಂತು, ಕೋಳಿಯೂ ಬಂದು ಹೋಯಿತು. ಕಡೆಯ ಸಾಲಿಗೆ ಏನೂ ಸಿಗದೆ ಮೂರು ಸಲ ‘ಯೋ’ ಅಂದು ಮುಗಿಸಿದ್ದ. ತಾಳಕ್ಕೆ ಮಾತ್ರ ತಮ್ಮದೇ ಶೆಡ್ಡಿನ ಮಗ್ಗದ ಅಸಲಿ ಸಪ್ಪಳ.

ಇಂಥ ಒಂಟಿ ಹಾಡಿಗೆ ‘ಸಿಂಗಲ್’ ಅನ್ನುತ್ತಾರಂತೆ. “ಸಿಂಗಲ್ ಬಿಟ್ಟೀಯಂತ, ಡಬಲ್ ಯಾವಾಗ ಆಗ್ತೀಪಾ?” ಎಂದು ಕುರುಂದವಾಡದ ಸೋದರತ್ತೆ ಮಂಗಲ ಕೇಳಿದ್ದಳು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಶಿರೋಳದ ಯಾರೋ ಒಬ್ಬ ಕಮೆಂಟು ಹಾಕಿದ: ‘ಮಾಲಕನ ಮಗಗ ಲಾಳಿ ಯಾವುದು, ಲೋಟಾ ಯಾವುದು ಗೊತ್ತೈತೇನು?’ ಹಾಡಿಗಿಂತ ಆ ಕಮೆಂಟಿಗೇ ಹೆಚ್ಚು ಲೈಕು! ಸೌರಭನ ಮೈಯೆಲ್ಲ ಉರಿದುಹೋಯಿತು. ‘ನಾಳೆ ಹತ್ತಕ್ಕ ಶೆಡ್ಡಿನಿಂದ ಲೈವ್ ಬರ್ತೇನಿ. ನಮ್ಮ ಕೆಲಸಗಾರರ ಬಾಯಿಂದನ ಕೇಳ್ರಿ. ಅವರು ಇದು ನಮ್ಮ ಹಾಡಲ್ಲ ಅಂದ್ರ ಮೈಕ್ ಮುಟ್ಟೂದಿಲ್ಲ’ ಎಂದು ಸವಾಲು ಹಾಕಿಬಿಟ್ಟ.

“ದಾದಾ, ಚಾಲೂ ಆಗೈತಿ. ಎರಡ ಸಾವಿರ ಮಂದಿ ನೋಡಾಕತ್ತಾರ,” ಮೊಬೈಲ್ ಹಿಡಿದ ತಂಗಿ ಪ್ರಿಯದರ್ಶನಿ ಪಿಸುಗುಟ್ಟಿದಳು.

ಸೌರಭ ಭೀಮಗೊಂಡನನ್ನು ಮುಂದೆ ಕರೆದ. ಮೂವತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ನೇಯುವವನು. ಬಿಳಿ ಮೀಸೆಗೆ ಹತ್ತಿಯ ಎಳೆ ಮೆತ್ತಿದ, ಕ್ಯಾಮೆರಾಕ್ಕೆಂದೇ ಹೇಳಿ ಮಾಡಿಸಿದ ಮುಖ. “ಮಾಮಾ, ಕಣ್ಣ ಮುಚ್ಚಿ ಕೇಳ್ರಿ. ಮನಸಿಗೆ ಅನಿಸಿದ್ದ ಹೇಳ್ರಿ.”

ಹಾಡು ಶುರುವಾಯಿತು. ಭೀಮಗೊಂಡ ನಿಜಕ್ಕೂ ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿಗೊಟ್ಟ. ಹುಬ್ಬು ಗಂಟಾಯಿತು. ಬಲಗೈ ತಂತಾನೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಯಿತು. ಅಬ್ಬಾ, ಕೈ ಎತ್ತಿದ! ರ‍್ಯಾಪು ಮೈಗೆ ಹತ್ತುವುದು ಅಂದರೆ ಇದೇ! ಸೌರಭನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಬಂದ್ ಮಾಡ್ರಿ, ಬಂದ್ ಮಾಡ್ರಿ!” ಭೀಮಗೊಂಡ ಗಾಬರಿಯಿಂದ ಕಣ್ಣು ಬಿಟ್ಟ. “ಇದು ಆ ಮೂಲ್ಯಾಗಿನ ಲೂಮ್ ಹೌದಲ್ರಿ?”

“ಕೇಳಿದ್ರಿಲ್ಲ? ಸಪ್ಪಳದ ಮ್ಯಾಲೆ ಗುರ್ತ ಹಿಡದ್ರು!” ಸೌರಭ ಕ್ಯಾಮೆರಾ ಕಡೆ ತಿರುಗಿ ಎದೆಯುಬ್ಬಿಸಿದ. “ರಜಾ ದಿನ ನಾನ ಸ್ವಂತ ಚಾಲೂ ಮಾಡಿ ರೆಕಾರ್ಡ್ ಮಾಡೇನ್ರಿ, ಮಾಮಾ.”

“ಲಾಳಿ ಒಳಗ ನೂಲ ಸುತ್ತಿದ ಕಂಡಿಕಿ ಯಾರ ಹಾಕಿದ್ರು?”

“ಯಾವ ಕಂಡಿಕಿ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಭೀಮಗೊಂಡ ನಗಲಿಲ್ಲ. ಕೆಲಸಕ್ಕೆ ಬಂದ ಹೊಸಬನಿಗೆ ತಿಳಿಹೇಳುವಷ್ಟೇ ಸಮಾಧಾನದಿಂದ ಹೇಳಿದ: “ಲಾಳ್ಯಾಗ ನೂಲ ಇದ್ರ ಸಪ್ಪಳ ದಪ್ಪ ಬರ್ತೈತ್ರಿ, ಸಣ್ಣ ಮಾಲಕ್ರ. ಇದು ಬರೇ ಖಡಖಡ ಅನ್ನಾಕತ್ತೈತಿ. ಮೂರ ಮಿನಿಟ ಬಡ್ಕೊಂಡೈತಿ, ಬೊಟ್ಟಿನಷ್ಟ ಬಟ್ಟಿ ಆಗಿಲ್ಲ. ಖಾಲಿ ಲಾಳಿ ಇದು.”

ಅಂದವನೇ ಹೋಗಿ ತನ್ನ ಮಗ್ಗದ ಹಿಡಿ ಎಳೆದ. ಒಂದರ ಹಿಂದೊಂದು ಉಳಿದವೂ ಹೊರಟವು. ಆ ಗದ್ದಲದಲ್ಲಿ ಸೌರಭ ಬಾಯಿ ಆಡಿಸುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಪ್ರಿಯದರ್ಶನಿ ತುಟಿ ಕಚ್ಚಿಕೊಂಡು ಮೊಬೈಲನ್ನು ಅವನತ್ತ ತಿರುಗಿಸಿದಳು. ಕಮೆಂಟುಗಳು ಸಾಲುಸಾಲಾಗಿ ಮೇಲೇರುತ್ತಿದ್ದವು: ‘ಲಾಳಿ ಖಾಲಿ! ಲಾಳಿ ಖಾಲಿ! ಲಾಳಿ ಖಾಲಿ!’

ಮೂರು ‘ಯೋ’ಗಳ ಜಾಗಕ್ಕೆ ಪ್ರಾಸ ಕಡೆಗೂ ಸಿಕ್ಕಿತ್ತು.