ಮೀನು ಮಾರ್ಕೆಟ್ಟಿನಲ್ಲಿ ರಿಟೈರ್‌ಮೆಂಟ್

"ಬಂತಾ?" ಕೊರಗಪ್ಪ ಮತ್ತೆ ಕೇಳಿದರು.

"ಇಲ್ಲ ಪಪ್ಪ. ಈಗಷ್ಟೇ ಕಳಿಸಿದ್ದಲ್ವಾ? ಸ್ವಲ್ಪ ತಡೀರಿ," ಎಂದಳು ಮಗಳು ಸಮೀಕ್ಷಾ. ಫೋನು ಅವಳ ಕೈಯಲ್ಲಿತ್ತು. ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ಅಂಜಲ್ ಮೀನು ಕತ್ತರಿಸಿ ಕೊಡುವವರ ಮುಂದೆ ಇಬ್ಬರೂ ಟೋಕನ್ ಹಿಡಿದು ನಿಂತಿದ್ದರು. ಅಬುಧಾಬಿಯಲ್ಲಿ ಶನಿವಾರ ಶನಿವಾರ ಕ್ರಿಕೆಟ್ ಆಡುವ ಊರಿನ ಟೀಮುಗಳೆಲ್ಲ ಸೇರಿರುವ ವಾಟ್ಸಾಪ್ ಗ್ರೂಪಿಗೆ, ಫಾಸ್ಟ್ ಬೌಲರ್ ಕೊರಗಪ್ಪರ ನಿವೃತ್ತಿಯ ಸುದ್ದಿ ಆಗ ತಾನೇ ಹೋಗಿತ್ತು. ಭಾವನೆ ಅಪ್ಪನದು, ಇಂಗ್ಲಿಷ್ ಮಗಳದು. ಫಾಸ್ಟ್ ಬೌಲರ್ ಡೇಲ್ ಸ್ಟೇನ್ ಕೂಡ ತನ್ನ ನಿವೃತ್ತಿಯನ್ನು ಫೋನಿನಲ್ಲೇ ಬರೆದು ಹಾಕಿ ಹೋದವನಲ್ಲವೇ? ಹಾಗಾಗಿ ಇವರದೂ ಹಾಗೆಯೇ ಆಗಬೇಕಿತ್ತು.

ಡೇಲ್ ಸ್ಟೇನ್ ಇವರ ಮನೆದೇವರೇನಲ್ಲ. ಆದರೆ ಮನೆದೇವರ ಪಕ್ಕದ ಸೀಟು ಅವನಿಗೇ ರಿಸರ್ವ್. ವಯಸ್ಸಿನಲ್ಲಿ ತಮಗಿಂತ ಚಿಕ್ಕವನಾದ ಆ ದಕ್ಷಿಣ ಆಫ್ರಿಕಾದವನನ್ನು ನೋಡಿಯೇ ಕೊರಗಪ್ಪ ಓಡಿ ಬರುವುದನ್ನು ಕಲಿತರು, ವಿಕೆಟ್ ಬಿದ್ದಾಗ ನೆಲಕ್ಕೆ ಗುದ್ದುವಂತೆ ಮುಷ್ಟಿ ಬೀಸುವುದನ್ನೂ ಕಲಿತರು. ಪರ್ತ್‌ನಲ್ಲಿ ಅವನ ಭುಜ ಮುರಿದ ದಿನ ಇವರು ಊಟ ಬಿಟ್ಟರು. ಅವನು ಎದ್ದು ಬಂದು ಪೊಲಾಕ್‌ನ ಟೆಸ್ಟ್ ವಿಕೆಟ್‌ಗಳ ದಾಖಲೆ ದಾಟಿದಾಗ ಆಫೀಸಿಗೆಲ್ಲ ಲಡ್ಡು ಹಂಚಿದರು. ಕೊರೋನಾ ವರ್ಷ ಐಪಿಎಲ್ ಈ ಮರಳಿಗೇ ಬಂತು, ಸ್ಟೇನ್ ಆರ್‌ಸಿಬಿಯ ಕೆಂಪು ಅಂಗಿ ತೊಟ್ಟು ಬಂದ, ಆದರೆ ಸ್ಟೇಡಿಯಮ್ಮಿನೊಳಗೆ ಜನರನ್ನು ಬಿಡಲಿಲ್ಲ. ಕೊರಗಪ್ಪ ದೂರದಲ್ಲಿ ಕಾರು ನಿಲ್ಲಿಸಿ, ಅದರೊಳಗೇ ಕೂತು ಫೋನಿನಲ್ಲಿ ಮ್ಯಾಚ್ ನೋಡಿದರು. "ಮನೆಯಲ್ಲೇ ನೋಡಬಹುದಿತ್ತಲ್ಲ?" ಎಂದು ಹೆಂಡತಿ ವಸಂತಿ ಕೇಳಿದ್ದಕ್ಕೆ, "ಅಲ್ಲಿಂದ ಲೈಟ್ ಕಾಣ್ತದೆ," ಎಂದಿದ್ದರು.

ಈಗ ಇವರದೇ ಭುಜ ಕೈಕೊಟ್ಟಿತ್ತು. ಕೈಯನ್ನು ಭುಜದಿಂದ ಮೇಲೆ ಬೀಸಿದರೆ ಸೀದಾ ಆಪರೇಷನ್ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದನ್ನು ಕೊರಗಪ್ಪ ಒಪ್ಪಿಕೊಂಡೂ ಇದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ: ಆ ಗ್ರೂಪಿನಲ್ಲಿ ಒಬ್ಬನಾದರೂ "ಹೋಗ್ಬೇಡ" ಅನ್ನಬೇಕು. ಅದನ್ನು ಇವರು ಬಾಯಿ ಬಿಟ್ಟು ಹೇಳುವ ಜನ ಅಲ್ಲ. ಆದರೆ ಮಗಳಿಗೆ ಅಷ್ಟು ಗೊತ್ತಾಗುವುದಿಲ್ಲವೇ?

ಫೋನು ಟಿಣ್ ಎಂದಿತು.

"ಬಂತು! ಹರ್ಷಿತ್." ಅಪ್ಪನ ಜೊತೆ ಹೊಸ ಬಾಲ್ ಹಂಚಿಕೊಳ್ಳುವ ಹುಡುಗ.

"ಎಂಥ ಬರ್ದಿದ್ದಾನೆ?"

ಸಮೀಕ್ಷಾ ಫೋನಿನಿಂದ ಕಣ್ಣೆತ್ತದೆ ಹೇಳಿದಳು. "ಹೆಬ್ಬೆಟ್ಟು."

ಮತ್ತೆರಡು ಹೆಬ್ಬೆಟ್ಟು ಬಂದವು. ಆಮೇಲೆ ಇವರದೇ ಟೀಮಿನ ರೋಷನ್: "ಹ್ಯಾಪಿ ರಿಟೈರ್‌ಮೆಂಟ್ ಕೊರಗಪ್ಪಣ್ಣ! ನಾಳೆ ಕಿಟ್ ಹಾಕ್ಲಿಕ್ಕೆ ಗಾಡಿ ತರ್ತೀರಲ್ಲ?" ಅದರ ಹಿಂದೆಯೇ ಯಾರೋ ಒಂದು ಪೋಸ್ಟರ್ ಹಾಕಿದರು. ಬರುವ ತಿಂಗಳು ಅಂಡರ್ ಆರ್ಮ್ ಟೂರ್ನಮೆಂಟ್. ಸೊಂಟದ ಹತ್ತಿರದಿಂದಲೇ ಟೆನಿಸ್ ಬಾಲ್ ಎಸೆಯುವ, ಮಂಗಳೂರು-ಉಡುಪಿ ಕಡೆಯವರ ಆಟ. "ಅಣ್ಣ, ಇದಕ್ಕೆ ಬನ್ನಿ" ಎಂದು ಕೆಳಗೊಂದು ನಗುವ ಮುಖ.

"ಅಂಡರ್ ಆರ್ಮಾ?" ಕೊರಗಪ್ಪರ ಮುಖ ಕೆಂಪಾಯಿತು. "ಸ್ಟೇನ್ ಅಂಡರ್ ಆರ್ಮ್ ಹಾಕಿದ್ದಾನಾ? ಫೋನ್ ಒಳಗೆ ಇಡು. ಖಲಾಸ್."

ಅಷ್ಟರಲ್ಲಿ ಬಂಗುಡೆಯ ಚೀಲ ತೂಗಾಡಿಸುತ್ತ ಕ್ಯಾಮಿಲಸ್ ಎದುರಿಗೇ ಬಂದರು. ಸಮೀಕ್ಷಾ ಅಪ್ಪನ ಪಕ್ಕಕ್ಕೆ ಸರಿದು ನಿಂತಳು. ಟೂರಿಸ್ಟ್ ಕ್ಲಬ್ ಏರಿಯಾದ ಟೀಮಿನ ಓಪನರ್ ಇವರು. ಎರಡು ವರ್ಷದ ಹಿಂದೆ ಅಪ್ಪನ ಬೌನ್ಸರ್ ಇವರ ಪಕ್ಕೆಲುಬು ಮುರಿದಿತ್ತು. ಅಪ್ಪ ಸಾರಿ ಕೇಳಲಿಲ್ಲ, ಇವರು ಮಾತು ಬಿಟ್ಟರು.

"ಏನು ಮಾರಾಯ," ಎಂದರು ಕ್ಯಾಮಿಲಸ್, "ಅಷ್ಟು ದೊಡ್ಡ ಇಂಗ್ಲಿಷ್! ನಾನು ಯಾರೋ ತೀರಿಕೊಂಡ್ರು ಅಂತ ಗ್ರಹಿಸಿದೆ."

"ಮಗಳು ಬರ್ದದ್ದು. ನಿನಗೆ ಖುಷಿ ಆಗಿರ್ಬೇಕಲ್ಲ?"

"ಖುಷಿಯಾ?" ಕ್ಯಾಮಿಲಸ್ ಚೀಲವನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಪಕ್ಕೆ ಮುಟ್ಟಿಕೊಂಡರು. "ಎಸಿ ಜಾಸ್ತಿ ಆದ್ರೆ ಇದು ಇವತ್ತಿಗೂ ನೋಯ್ತದೆ. ಆಗೆಲ್ಲ ನನ್ನ ಹೆಂಡತಿ ಮಾರ್ಟಿನಾ ನಿನ್ನ ಹೆಸರು ಹಿಡಿದೇ ಬೈಯುದು. ನಿನ್ನ ಟೀಮಿನ ಮ್ಯಾಚ್ ಇದ್ರೆ ನನಗೆ ಹಿಂದಿನ ದಿನ ಊಟ ಸೇರುದಿಲ್ಲ, ಗೊತ್ತುಂಟಾ? ನೀನು ಆರಾಮಲ್ಲಿ ರಿಟೈರ್ ಆಗ್ತಿ. ಇನ್ನು ನಾನು ಯಾರಿಗೆ ಹೆದರುದು? ಆ ಹರ್ಷಿತನಿಗಾ?"

ಕೊರಗಪ್ಪ ಬಲಗೈ ಮೇಲೆತ್ತಿ ತೋರಿಸಿದರು. ಅದು ಎದೆಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ.

"ಇಷ್ಟೇ ಕ್ಯಾಮಿ. ಇಷ್ಟೇ ಬರುದು."

ಕ್ಯಾಮಿಲಸ್ ಆ ಕೈಯನ್ನೇ ನೋಡಿದರು. ನಗಲಿಲ್ಲ. "ಪೋಸ್ಟರ್ ನೋಡಿದ್ದಿ ಅಲ್ವಾ? ಅಂಡರ್ ಆರ್ಮಿಗೆ ಇದರ ಅರ್ಧ ಸಾಕು. ನಮ್ಮ ಟೀಮೂ ಉಂಟು. ಓಪನಿಂಗ್ ನಾನೇ."

"ಅದು ಮಕ್ಕಳಾಟ ಮಾರಾಯ. ಟೆನಿಸ್ ಬಾಲ್," ಎಂದರು ಕೊರಗಪ್ಪ. ಆದರೆ ಅವರ ಬಲಗೈ, ಟೋಕನ್ ಹಿಡಿದಿದ್ದ ಹಾಗೆಯೇ, ಸೊಂಟದ ಪಕ್ಕದಲ್ಲಿ ಹಿಂದೆ ಮುಂದೆ ಮೆಲ್ಲ ಬೀಸತೊಡಗಿದ್ದು ಸಮೀಕ್ಷಾಳ ಕಣ್ಣಿಗೆ ಬಿತ್ತು.

ಕ್ಯಾಮಿಲಸ್ ಕಣ್ಣಿಗೂ ಬಿತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಮೀನು ಕತ್ತರಿಸುವವರೂ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

"ಟೆನಿಸ್ ಬಾಲಾದ್ರೆ ಎಂಥ? ಬೌಲಿಂಗಿಗೆ ನೀನು ಬರ್ತೀಯಂತಾದ್ರೆ ನಾನು ಹೆಲ್ಮೆಟ್ ಹಾಕಿಯೇ ನಿಲ್ಲುದು!"