ದಿನವೂ ಕೀ ಬೇಡುವ ಗಡಿಯಾರ

ಗೋಡೆ ಗಡಿಯಾರವನ್ನು ಮಗುವಿನಂತೆ ತಬ್ಬಿಕೊಂಡು ಗಡಿಯಾರ ರಿಪೇರಿಯ ಅಜ್ಜ ರಸ್ತೆ ದಾಟಿ ಬಂದಾಗಲೇ ದರ್ಜಿಗೆ ಅನುಮಾನ ಬಂತು. ನಲವತ್ತು ವರ್ಷ ಅಜ್ಜ ಯಾರಿಗೂ ಮುಟ್ಟಗೊಡದ ಗಡಿಯಾರ ಅದು.

"ತಗೋ, ನಿನ್ನ ಗೋಡೆ ಮೇಲಿರಲಿ. ನನಗಿನ್ಯಾಕೆ?"

"ಕೀ ಎಲ್ಲಿ ಅಜ್ಜ?"

"ಅದು ನನ್ನ ಹತ್ರ ಇರುತ್ತೆ. ದಿನಾ ಕೊಡಬೇಕು, ಕೈ ಹದ ಬೇಕು. ನಾನೇ ಬರ್ತೀನಿ."

ಲೋಲಕ ಅಲುಗದಿರಲೆಂದು ಗಡಿಯಾರದ ಪೆಟ್ಟಿಗೆಯೊಳಗೆ ಕಾಗದ ತುರುಕಿತ್ತು. ದರ್ಜಿ ಬಿಡಿಸಿ ನೋಡಿದ. ಆರೋಗ್ಯ ಕೇಂದ್ರದ ಕರಪತ್ರ. ಆತ್ಮಹತ್ಯೆಯ ಯೋಚನೆಯಲ್ಲಿರುವವರನ್ನು ಗುರುತಿಸುವುದು ಹೇಗೆ? ಹತ್ತಿರದವರ ಸಾವು. ನಿದ್ದೆಗೇಡು. ಜನರಿಂದ ದೂರವಾಗುವುದು. ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುವುದು.

ದರ್ಜಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. ಅಜ್ಜನ ಒಬ್ಬನೇ ಮಗ ಮೂರು ವರ್ಷದ ಹಿಂದೆ ತಾನಾಗಿ ಜೀವ ಕಳೆದುಕೊಂಡಿದ್ದ. ಈಗ ಗಡಿಯಾರವನ್ನೂ ಕೊಟ್ಟಾಯಿತು.

ಮರುದಿನ ಅಜ್ಜ ಬಂದ. ದರ್ಜಿಯ ಹೆಂಡತಿ ತೀರಿಕೊಂಡಾಗಿನಿಂದ ಅವನು ಅಂಗಡಿಯಲ್ಲೇ ಮಲಗುತ್ತಿದ್ದ, ಶಟರ್ ಅರ್ಧಕ್ಕಿಂತ ಮೇಲೆ ಹೋದದ್ದಿಲ್ಲ. ಅಜ್ಜ ಅದರಡಿ ನುಸುಳಿದ.

"ಪೂರ್ತಿ ಎತ್ತೋ ಮಾರಾಯ! ನಿನ್ನ ಅಂಗಡಿಗೆ ಬರಬೇಕಾದ್ರೆ ಬೆಕ್ಕಾಗಿ ಹುಟ್ಟಬೇಕು." ಎರಡು ಸುತ್ತು ಕೀ ಕೊಟ್ಟು ಕೇಳಿದ, "ರಾತ್ರಿ ಸರಿಯಾಗಿ ಹೊಡೀತಾ?"

"ಹನ್ನೆರಡು, ಒಂದು, ಎರಡು, ಮೂರು. ಒಂದೂ ತಪ್ಪಿಲ್ಲ."

ಅಜ್ಜನ ಮುಖ ಬಾಡಿತು. ಗಡಿಯಾರ ಸರಿಯಾಗಿದ್ದರೂ ಮುದುಕನಿಗೆ ಸಂತೋಷವಿಲ್ಲವಲ್ಲ ಎಂದು ದರ್ಜಿ ಮರುಗಿದ.

ಅಂದಿನಿಂದ ಅವನು ಅಜ್ಜನನ್ನು ಕಾಯತೊಡಗಿದ. ಚಹಾ ನೆಪ ಮಾಡಿ ಕೂರಿಸಿದ. ಮಾತಿಗೆ ಮಾತು ಬೆಳೆಸಿದ. ಮುದುಕ ಕಣ್ಣಿಗೆ ಬೀಳುತ್ತಿರಲೆಂದು ಶಟರ್ ಪೂರ್ತಿ ಎತ್ತಿ ಎದುರಂಗಡಿಯ ಮೇಲೆ ಕಣ್ಣಿಟ್ಟ. ಮೊದಲು ಅಜ್ಜನದೊಂದು ದಡ ಮುಟ್ಟಲಿ, ತನ್ನದೇನಿದ್ದರೂ ಆಮೇಲೆ ಎಂದುಕೊಂಡ.

ಐದನೆಯ ದಿನ ಉಪಾಯ ಹೂಡಿದ.

"ಅಜ್ಜ, ಬೆನ್ನು ಹಿಡ್ಕೊಂಡಿದೆ. ಆರೋಗ್ಯ ಕೇಂದ್ರಕ್ಕೆ ಜೊತೆಗೆ ಬರ್ತೀರಾ?"

"ಬರದೆ ಏನು! ಈಗಲೇ ನಡಿ." ಅಜ್ಜ ಚಪ್ಪಲಿಯನ್ನೂ ಅದಲುಬದಲು ಮೆಟ್ಟಿ ಹೊರಟ.

ಅಲ್ಲಿ ದರ್ಜಿ ನರ್ಸಮ್ಮನ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಬೆನ್ನು ಸುಳ್ಳು. ಇವರನ್ನ ಸ್ವಲ್ಪ ನೋಡಿ. ಇವರಿಗೆ ಯಾರೂ ಇಲ್ಲ."

ನರ್ಸಮ್ಮ ಕುರ್ಚಿ ಎಳೆದಳು. ದರ್ಜಿಯ ಕಡೆಗೆ.

"ಕೂತ್ಕೊಳ್ಳಿ ಅಣ್ಣ. ಐದು ದಿನದಿಂದ ನಿಮ್ಮ ದಾರಿ ಕಾಯ್ತಿದ್ದೀನಿ. ಅಜ್ಜ ಎಲ್ಲ ಹೇಳಿದ್ದಾರೆ. ನೇರವಾಗೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಯಬೇಕು ಅನ್ನಿಸ್ತಿದೆಯಾ?"

ದರ್ಜಿ ತಿರುಗಿದ. ಅಜ್ಜ ಏನೂ ಅರಿಯದವನಂತೆ ಮೇಲಿನ ಫ್ಯಾನು ನೋಡುತ್ತಿದ್ದ.

"ನಿನಗೋಸ್ಕರ ಬಾ ಅಂದಿದ್ರೆ ಬರ್ತಿದ್ದೆಯೇನೋ?" ಎಂದ, ಫ್ಯಾನಿಗೇ ಹೇಳುವಂತೆ. "ನನ್ನ ಮಗನ್ನ ಹೀಗೆ ಕೇಳಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ. ದೇವರು ಇನ್ನೊಂದು ಅವಕಾಶ ಕೊಟ್ಟ."

ದರ್ಜಿ "ಹೌದು" ಎಂದ. ಆಮೇಲೆ ಅತ್ತ. ನರ್ಸಮ್ಮ ಬಾಗಿಲು ಮುಂದೆ ಮಾಡಿ ಪಕ್ಕದಲ್ಲೇ ಕುಳಿತಳು. ಅಜ್ಜನೂ ಕದಲಲಿಲ್ಲ.

ಅಂದ ಹಾಗೆ, ಆ ಗಡಿಯಾರ ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುತ್ತದೆ.